ಕಿತ್ತವರೇ ತಿನ್ನಬೇಕು

ಆಯಿಯ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು ಇರುತ್ತಿತ್ತು. ಎಲೆಯಡಿಕೆ ಇರಬೇಕೆಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಒಮ್ಮೆ ಬಿಚ್ಚಿದಾಗ ನೋಡಿದರೆ ಮೆಂತ್ಯದ ಕಾಳು, ಮೂಲಂಗಿ ಬೀಜ, ಒಂದಿಷ್ಟು ಪುಂಡಿ ಸೊಪ್ಪಿನ ಬೀಜ. ತಾರ್ನಾಕದ ನಮ್ಮ ಕಟ್ಟಡದಲ್ಲಿ ಆಯಿ ಮೇಲಿನ ಮನೆಯವರು. ಬೀದರ್ ಕಡೆಯ ಹೆಣ್ಣುಮಗಳು. ತೆಲುಗು ಮಕ್ಕಳು, ಹಿಂದಿ ಮಕ್ಕಳು ಎಲ್ಲರಿಗೂ ಅವರು ಆಯಿಯೇ.

ನನ್ನ ಮಗಳಿಗೆ ಆಗ ಐದು ವರ್ಷ. ಮೊಸರನ್ನ, ಬಿಸ್ಕತ್ತು ಬಿಟ್ಟರೆ ಮೂರನೆಯದಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಅನ್ನದಲ್ಲಿ ಒಂದು ಕೊತ್ತಂಬರಿ ಎಲೆ ಕಂಡರೂ ತಟ್ಟೆ ದೂಡುವಳು. ರಕ್ತ ಕಡಿಮೆಯಿದೆ, ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹೇಳುವುದೇನು, ಸುಲಭ. ನಾನು ಹೆದರಿಸಿದೆ, ಮೊಬೈಲಿನ ಆಸೆ ತೋರಿಸಿದೆ, ಒಂದು ದಿನ ಅವಳೆದುರೇ ಅತ್ತುಬಿಟ್ಟೆ. ಅವಳು ಜಗ್ಗಲಿಲ್ಲ.

ಆಯಿ ಉಪದೇಶವನ್ನೇನೂ ಮಾಡಲಿಲ್ಲ. ಟೆರೇಸಿನಲ್ಲಿ ಹಳೆಯ ಬಕೆಟ್ಟು, ಒಡೆದ ಟಬ್ಬುಗಳ ತಮ್ಮ ತೋಟದಲ್ಲಿ ಅವಳಿಗೂ ಒಂದು ಟಬ್ಬು ಕೊಟ್ಟು ಮೆಂತ್ಯ ಹಾಕಿಸಿದರು. ಮೊಳಕೆ ಬಂದದ್ದೇ ತಡ, ಬೇರು ಎಷ್ಟು ಉದ್ದವಾಗಿದೆ ಎಂದು ನೋಡಲು ಮಗಳು ದಿನವೂ ಒಂದೆರಡು ಸಸಿ ಕೀಳತೊಡಗಿದಳು. ನಾನು ಗದರಿದೆ. ಆಯಿ ನನ್ನನ್ನೇ ತಡೆದರು.

“ನೋಡ್ಲಿ ಬಿಡವಾ. ದಟ್ಟ ಬೆಳದಾವ, ಹ್ಯಾಂಗಿದ್ರೂ ಕೀಳಬೇಕು. ಖರೆ, ಕಿತ್ತವ್ರ ತಿನಬೇಕು, ಅಷ್ಟ.”

ಅದು ಆ ಟೆರೇಸಿನ ಕಾನೂನು. ಸಸಿ ತೊಳೆದು, ಉಪ್ಪು, ಎರಡು ಹನಿ ಕುಸುಬಿ ಎಣ್ಣೆ ಸವರಿ, ರೊಟ್ಟಿ ಚೂರಿನ ಮೇಲಿಟ್ಟು ಕೊಟ್ಟರು. ಮಗಳು ಟಬ್ಬಿನತ್ತ ನೋಡಿದಳು. ನಾಳೆಯೂ ಬೇರು ನೋಡಬೇಕಲ್ಲ. ಮುಖ ಸಿಂಡರಿಸಿಕೊಂಡೇ ಅಗಿದಳು.

ಒಮ್ಮೆ ಆಯಿಯೇ ಕಳೆಯೆಂದು ಮೂಲಂಗಿ ಸಸಿ ಕಿತ್ತುಬಿಟ್ಟಾಗ ಕಟ್ಟಡದ ಮಕ್ಕಳು ಬಿಡಲಿಲ್ಲ. ಅರ್ಧ ಹಲ್ಲಿಲ್ಲದ ಬಾಯಲ್ಲಿ ಅವರೂ ಕೂತು ಅಗಿಯಬೇಕಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮಗಳು ತಟ್ಟೆ ಹಿಡಿದು ಪುಂಡಿ ಪಲ್ಯಕ್ಕೆ ಆಯಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನನ್ನ ಕೈಯ ಪಲ್ಯ ಇವತ್ತಿಗೂ ಅವಳಿಗೆ ಅಷ್ಟಕ್ಕಷ್ಟೇ. ಅದಕ್ಕೆ ನನಗೆ ಸಿಟ್ಟಿದೆ. ಆದರೆ ಡಾಕ್ಟರು ರಕ್ತ ಸರಿಯಾಗಿದೆ ಎಂದ ದಿನ ನಾನು ಮೊದಲು ಹತ್ತಿದ್ದು ಮೇಲಿನ ಮನೆಯ ಮೆಟ್ಟಿಲು. ಹೆತ್ತವಳು ನಾನಾದರೂ ಆ ರಕ್ತದಲ್ಲಿ ಆಯಿಯ ಪಾಲಿದೆ.

ಕಳೆದ ಚಳಿಗಾಲದಲ್ಲಿ ಆಯಿ ತೀರಿಕೊಂಡರು. ಮನೆ ಖಾಲಿ ಮಾಡಲು ಬೀದರಿನಿಂದ ಬಂದ ಅವರ ತಮ್ಮ ಟಬ್ಬುಗಳನ್ನೂ ಬರಿದು ಮಾಡತೊಡಗಿದರು. ಒಣಗಿದ್ದರ ಜೊತೆ ಒಂದು ಹಿಡಿ ಹಸಿರು ಮೆಂತ್ಯವೂ ಅವರ ಕೈಗೆ ಕಿತ್ತು ಬಂತು. ಮಗಳು ಹೋಗಿ ಎದುರು ನಿಂತಳು.

“ಕಾಕಾ, ಕಿತ್ತವ್ರ ತಿನಬೇಕು.”

ನಾನು ಗಾಬರಿಯಾಗಿ ಅವಳನ್ನು ಎಳೆದುಕೊಳ್ಳಲು ಹೋದೆ. ಅವರು ಬೇಡವೆಂದು ಕೈ ಮಾಡಿ, ಸೊಪ್ಪನ್ನು ನಳದ ಕೆಳಗೆ ತೊಳೆದು ನಿಂತಲ್ಲೇ ಅರ್ಧ ತಿಂದರು.

“ನಮ್ಮಕ್ಕ ನನಗೂ ಹಿಂಗ ತಿನಸ್ತಿದ್ದಳು,” ಎಂದು ಉಳಿದರ್ಧವನ್ನು ಮಗಳ ಕೈಗಿಟ್ಟರು.

ಅದು ಅವಳು ಕಿತ್ತದ್ದಲ್ಲ. ಆದರೂ ತಿಂದಳು.