ಮೊಳೆಯಲ್ಲೇ ಇದ್ದ ಬೆಲ್ಟು

ದೆವ್ವ, ಪವಾಡ ಎಂದು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ಯಾರಾದರೂ ಏನೋ ಸದ್ದಾಯಿತು ಎಂದರೆ ಟಾರ್ಚು ಹಿಡಿದು ಹೋಗಿ, ಇಲಿಯನ್ನೋ ಸಡಿಲವಾದ ಕಿಟಕಿಯನ್ನೋ ತೋರಿಸಿ ಬರುತ್ತಿದ್ದರು. ನಾನೂ ಹಾಗೇ ಬೆಳೆದೆ. ಮದುವೆ ಮನೆಗಳಲ್ಲಿ ಹೆಂಗಸರು ಸೇರಿ ಇಂಥ ಮಾತಿಗೆ ಕೂತರೆ ಪ್ರಶ್ನೆ ಕೇಳಿ ಕೇಳಿ ಅವರ ಬಾಯಿ ಮುಚ್ಚಿಸುವುದೇ ನನಗೊಂದು ಆಟವಾಗಿತ್ತು. ಈಗ ನಾನೇ ಇಂಥದ್ದನ್ನು ಬರೆಯಲು ಕೂತಿದ್ದೇನೆ ಎಂದರೆ ಅವರೆಲ್ಲ ನಗುತ್ತಾರೆ, ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿ ಎಂದು ಒತ್ತಾಯವಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜಪೇಟೆಯ ಒಂದು ವಠಾರದಲ್ಲಿ ನಮ್ಮ ಮನೆ. ಮುಂದೆ ಹಜಾರ, ಹಿಂದೆ ಅಡುಗೆಮನೆ, ನಡುವೆ ದಪ್ಪ ಮರದ ಚೌಕಟ್ಟಿನ ಬಾಗಿಲು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ, ಸೈಕಲ್ ರೇಸಿನ ಹುಚ್ಚು ತಲೆಗೆ ಹತ್ತಿತ್ತು. ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಅಭ್ಯಾಸ ಮಾಡಿ, ಬಂದು ಸ್ನಾನ ಮಾಡಿ, ಅರ್ಧ ನಿದ್ದೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಕಿರಿಯರ ವಿಭಾಗದಲ್ಲಿ ನನಗದು ಕೊನೆಯ ವರ್ಷ. ಆ ಏಪ್ರಿಲ್ಲಿನಲ್ಲಿ ರಾಜ್ಯ ತಂಡದ ಆಯ್ಕೆಗೆ ರೇಸ್ ಇತ್ತು. ಅದು ತಪ್ಪಿದರೆ ಆಮೇಲೆ ರೇಸಿನಲ್ಲೇ ಹತ್ತು ವರ್ಷ ಪಳಗಿದ ಹೆಂಗಸರ ಜೊತೆ ಓಡಿಸಬೇಕು, ಅಲ್ಲಿ ನನ್ನನ್ನು ಕೇಳುವವರು ಯಾರು?

ಸಂಕ್ರಾಂತಿಯಾದ ವಾರ ಒಂದು ಇಳಿಜಾರಿನ ತಿರುವಿನಲ್ಲಿ ಮರಳಿನ ಮೇಲೆ ಚಕ್ರ ಜಾರಿ ಬಿದ್ದೆ. ಕುತ್ತಿಗೆ ಮತ್ತು ಭುಜದ ನಡುವಿನ ಮೂಳೆ ಮುರಿಯಿತು. ಎರಡು ತಿಂಗಳಿಗೆ ಅದೇನೋ ಕೂಡಿಕೊಂಡಿತು, ಧೈರ್ಯ ಮಾತ್ರ ವಾಪಸು ಬರಲಿಲ್ಲ. ಸೈಕಲ್ ಹತ್ತಿದರೆ ಬೆರಳುಗಳು ಹ್ಯಾಂಡಲ್ ಬಾರನ್ನು ಕಚ್ಚಿಕೊಳ್ಳುತ್ತಿದ್ದವು, ತೋಳು ಮರಗಟ್ಟುತ್ತಿತ್ತು. ಬಸ್ಸು ಪಕ್ಕದಲ್ಲಿ ಹಾದುಹೋದರೆ ಇಳಿದು ನಿಂತುಬಿಡುತ್ತಿದ್ದೆ.

ಆಗ ನಂಜುಂಡಣ್ಣ ತಮ್ಮ ರೋಲರ್ ತಂದುಕೊಟ್ಟರು. ನಮ್ಮ ಬೀದಿಯ ಕೊನೆಯಲ್ಲಿ ಅವರ ಸೈಕಲ್ ಶಾಪ್. ವಯಸ್ಸಿನಲ್ಲಿದ್ದಾಗ ರೇಸ್ ಓಡಿಸಿದವರು, ನನಗೆ ಹೇಳಿಕೊಟ್ಟವರೂ ಅವರೇ. ರೋಲರ್ ಎಂದರೇನೆಂದು ಇಲ್ಲಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ಎಲ್ಲವೂ ಅದರ ಮೇಲೇ ನಿಂತಿದೆ. ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ತಿರುಗುವ ಮೂರು ಉರುಳೆಗಳು. ಸೈಕಲ್ಲಿನ ಹಿಂದಿನ ಚಕ್ರ ಎರಡು ಉರುಳೆಗಳ ನಡುವೆ ಕೂರುತ್ತದೆ, ಮುಂದಿನ ಚಕ್ರ ಒಂದರ ಮೇಲೆ. ತುಳಿದರೆ ಹಿಂದಿನ ಉರುಳೆಗಳು ತಿರುಗುತ್ತವೆ. ಅಲ್ಲಿಂದ ಮುಂದಿನ ಉರುಳೆಗೆ ಒಂದು ಬೆಲ್ಟು. ಆ ಬೆಲ್ಟು ಇದ್ದರಷ್ಟೇ ಮುಂದಿನ ಚಕ್ರವೂ ತಿರುಗುತ್ತದೆ, ಅದು ತಿರುಗಿದರಷ್ಟೇ ಸೈಕಲ್ ನೆಟ್ಟಗೆ ನಿಲ್ಲುತ್ತದೆ. ಸೈಕಲ್ಲನ್ನು ಹಿಡಿದುಕೊಳ್ಳಲು ಬೇರೆ ಏನೂ ಇಲ್ಲ. ಕೈ ಬಿಗಿಹಿಡಿದರೆ ಆ ಕ್ಷಣವೇ ಪಕ್ಕಕ್ಕೆ.

ಬೆಲ್ಟನ್ನು ನಂಜುಂಡಣ್ಣ ಹೊಲಿಗೆ ಮೆಷಿನ್ನಿನ ಎರಡು ಚರ್ಮದ ಬೆಲ್ಟು ಸೇರಿಸಿ ಹೊಲಿದು ತಾವೇ ಮಾಡಿದ್ದರು.

"ಬೆಲ್ಟ್ ಜೋಪಾನ ಕಣಮ್ಮ. ತುಳಿದಾದ್ಮೇಲೆ ಬಿಚ್ಚಿ ಮೊಳೆಗೆ ತಗಲಾಕ್ಬಿಡು. ಹಂಗೇ ಬಿಟ್ರೆ ಎಳ್ಕೊಂಡು ಜೋಲು ಬೀಳುತ್ತೆ" ಎಂದು ಹೇಳಿ, ಅಡುಗೆಮನೆಯ ಗೋಡೆಗೆ ಮೊಳೆಯನ್ನೂ ತಾವೇ ಹೊಡೆದು ಹೋದರು.

ಬಾಗಿಲ ಚೌಕಟ್ಟಿನ ನಡುವೆ ರೋಲರ್ ಇಡುತ್ತಿದ್ದೆ, ವಾಲಿದರೆ ಹಿಡಿದುಕೊಳ್ಳಲು. ಮೂರು ವಾರ ಆ ಚೌಕಟ್ಟನ್ನು ಹಿಡಿದದ್ದೇ ಹಿಡಿದದ್ದು. ಕೈ ಬಿಟ್ಟು ಹತ್ತು ಎಣಿಸುವಷ್ಟರಲ್ಲಿ ವಾಲುತ್ತಿದ್ದೆ. ನಂಜುಂಡಣ್ಣ ಸಂಜೆ ಬಂದು ಕೂತು ನೋಡುತ್ತಿದ್ದರು.

"ಕಳ್ಳನ್ನ ಹಿಡ್ಕೊಂಡಂಗೆ ಹಿಡ್ಕೊಂಡಿದೀಯ. ಸಡಿಲ ಬಿಡು. ಚಕ್ರ ನೋಡ್ಬೇಡ, ಎದುರಿಗೆ ನೋಡು."

ಸಡಿಲ ಬಿಡು ಎಂದರೆ ಬಿಡಲು ಬರಬೇಕಲ್ಲ. ಇದರ ಜೊತೆಗೆ ಪಕ್ಕದ ಮನೆಯ ಸರೋಜಮ್ಮನ ಕಾಟ. ಉರುಳೆಗಳ ಗುಂಯ್ ಎನ್ನುವ ಸದ್ದು ಗೋಡೆ ದಾಟಿ ಅವರ ಮನೆಗೆ ಹೋಗುತ್ತಿತ್ತು. "ಏನ್ರಮ್ಮಾ, ಮನೇಲಿ ಹಿಟ್ಟಿನ ಗಿರಣಿ ಇಟ್ಟಿದೀರಾ?" ಎಂದು ಅವರು ದಿನಕ್ಕೊಮ್ಮೆ ಅಮ್ಮನನ್ನು ಕೇಳಿಯೇ ಕೇಳುತ್ತಿದ್ದರು.

ರೇಸಿಗೆ ಇನ್ನು ಎರಡು ವಾರ ಉಳಿದಿತ್ತು. ಒಂದು ಶನಿವಾರ ಬೆಳಿಗ್ಗೆ ಮತ್ತೆ ಬಿದ್ದು, ಬೆಲ್ಟು ಬಿಚ್ಚಿ ಮೊಳೆಗೆ ಹಾಕಿ, ನೇರ ಅಂಗಡಿಗೆ ಹೋದೆ. "ನಂಜುಂಡಣ್ಣ, ನಾಳೆ ಬಂದು ರೋಲರ್ ತಗೊಂಡ್ಹೋಗ್ಬಿಡಿ. ನನ್ ಕೈಲಾಗಲ್ಲ" ಎಂದೆ. ಅವರು ಪಂಕ್ಚರ್ ಹಾಕುತ್ತಿದ್ದ ಟ್ಯೂಬಿನಿಂದ ತಲೆಯೆತ್ತದೆ, "ಸರಿ, ನಾಳೆ ಬರ್ತೀನಿ" ಎಂದರು. ಸಮಾಧಾನಪಡಿಸುತ್ತಾರೆ ಅಂದುಕೊಂಡಿದ್ದ ನನಗೆ ಅಳು ಬಂದುಬಿಟ್ಟಿತು. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ.

ಅಂದು ಸಂಜೆ ಅಪ್ಪ ಅಮ್ಮ ರಾಮನವಮಿಯ ಸಂಗೀತ ಕಚೇರಿಗೆ ಹೋದರು. ಮನೆಯಲ್ಲಿ ನಾನೊಬ್ಬಳೇ. ಕೊನೆಯದಾಗಿ ಒಂದು ಸಲ ನೋಡೇಬಿಡೋಣ ಎಂದು ರೋಲರ್ ಎಳೆದು ಬಾಗಿಲಲ್ಲಿ ಇಟ್ಟೆ. ಶೂ ಲೇಸು ಕಟ್ಟುತ್ತಿರುವಾಗ ಕರೆಂಟು ಹೋಯಿತು. ಏಳು ಗಂಟೆ ಇರಬೇಕು, ಹೊರಗೆ ಇನ್ನೂ ಒಂದಿಷ್ಟು ಬೆಳಕಿತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. ಮೇಣದಬತ್ತಿ ಹುಡುಕುವ ತಾಳ್ಮೆ ನನಗಿರಲಿಲ್ಲ. ತಡವಿ ಸೈಕಲ್ ಎತ್ತಿ ಇಟ್ಟೆ, ಚೌಕಟ್ಟು ಹಿಡಿದು ಹತ್ತಿದೆ, ತುಳಿಯತೊಡಗಿದೆ.

ಉರುಳೆಗಳು ಎಂದಿನಂತೆ ಸದ್ದು ಮಾಡಿದವು. ಚಕ್ರ ನೋಡಬೇಕೆಂದರೂ ಕಾಣುತ್ತಿರಲಿಲ್ಲ. ಚೌಕಟ್ಟಿನಿಂದ ಕೈ ಬಿಟ್ಟೆ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ, ನೂರಾದ ಮೇಲೆ ಎಣಿಸುವುದನ್ನೇ ಬಿಟ್ಟೆ. ಸೈಕಲ್ ಅಲುಗಲಿಲ್ಲ. ಬೆರಳುಗಳು ಯಾವಾಗ ಸಡಿಲಗೊಂಡವೋ ತಿಳಿಯಲಿಲ್ಲ. ಮಧ್ಯೆ ಒಂದು ಕೈ ತೆಗೆದು ಹಣೆಯ ಬೆವರು ಒರೆಸಿಕೊಂಡದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ಒರೆಸಿಕೊಂಡ ಮೇಲೆ ನನಗೇ ಆಶ್ಚರ್ಯವಾಯಿತು. ನಿಮಗೆ ನಿರಾಸೆಯಾಗಬಹುದು, ಅಲ್ಲಿ ಯಾವ ನೆರಳೂ ಕಾಣಲಿಲ್ಲ, ಯಾರ ಉಸಿರೂ ತಾಗಲಿಲ್ಲ. ಬಿದ್ದ ದಿನದಿಂದ ಕಳೆದುಹೋಗಿದ್ದ ಸಂತೋಷವೊಂದು ಕಾಲಿನಿಂದ ಮೇಲಕ್ಕೆ ಹತ್ತಿ ಬಂತು, ಅಷ್ಟೆ. ಕತ್ತಲಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಸ್ವಲ್ಪ ಹೊತ್ತಿನ ಮೇಲೆ ಹೊರಬಾಗಿಲಲ್ಲಿ ಮೇಣದಬತ್ತಿಯ ಬೆಳಕು ಕಂಡಿತು. ಸರೋಜಮ್ಮ. ಬೈಯಲು ಬಂದವರು ಬಾಯಿ ತೆರೆಯದೆ ನಿಂತುಬಿಟ್ಟರು. ನಾನೂ ನಿಲ್ಲಿಸಲಿಲ್ಲ. ಕರೆಂಟು ಬಂತು. ನಿಧಾನ ಮಾಡಿ, ಚೌಕಟ್ಟು ಹಿಡಿದು ಇಳಿದೆ.

"ಮುಕ್ಕಾಲು ಗಂಟೆಯಿಂದ ಕೇಳ್ತಿದೀನಿ. ಬೈಯೋಣ ಅಂತಾನೇ ಬಂದೆ" ಎಂದರು ಸರೋಜಮ್ಮ. "ನೋಡಿದ್ರೆ ಏನೂ ಹಿಡ್ಕೊಳ್ದೆ ತುಳೀತಿದೀಯ. ಮಾತಾಡಿದ್ರೆ ಎಲ್ಲಿ ಬಿದ್ಬಿಡ್ತೀಯೋ ಅಂತ ಸುಮ್ನೆ ನಿಂತ್ಕೊಂಡೆ."

ನಾನು ನಗುತ್ತಲೇ ಸೈಕಲ್ ಪಕ್ಕಕ್ಕಿಟ್ಟು, ಅಭ್ಯಾಸದಂತೆ ಬೆಲ್ಟು ಬಿಚ್ಚಲು ಬಗ್ಗಿದೆ. ಬೆಲ್ಟು ಇರಲಿಲ್ಲ.

ಕಳಚಿ ಬಿದ್ದಿರಬೇಕೆಂದು ರೋಲರ್ ಎತ್ತಿ ನೋಡಿದೆ, ಚಾಪೆ ಸರಿಸಿ ನೋಡಿದೆ. ಆಮೇಲೆ ತಲೆಯೆತ್ತಿದೆ. ಅದು ಅಡುಗೆಮನೆಯ ಗೋಡೆಯ ಮೊಳೆಯಲ್ಲಿ, ಬೆಳಿಗ್ಗೆ ನಾನು ಹಾಕಿದಲ್ಲೇ ನೇತಾಡುತ್ತಿತ್ತು. ಕತ್ತಲಲ್ಲಿ ಅದನ್ನು ಹಾಕಲು ಮರೆತೇ ಹತ್ತಿದ್ದೆ. ಮುಂದಿನ ಉರುಳೆಯನ್ನು ಮುಟ್ಟಿ ನೋಡಿದೆ. ಹಿಂದಿನ ಎರಡರಂತೆಯೇ ಅದೂ ತಿರುಗಿ ಬೆಚ್ಚಗಾಗಿತ್ತು.

ಅಷ್ಟರಲ್ಲಿ ಅಪ್ಪ ಅಮ್ಮ ಬಂದರು. ಅಪ್ಪ ವಿಷಯ ಕೇಳಿ, ಕಚೇರಿಯಿಂದ ತಂದ ಕೋಸಂಬರಿಯ ದೊನ್ನೆಯನ್ನು ಅಮ್ಮನ ಕೈಗೆ ಕೊಟ್ಟು ಶರಟಿನ ತೋಳು ಮಡಿಸಿದರು. "ನೀನೇ ಬೆಲ್ಟ್ ಹಾಕಿ, ಇಳಿದ್ಮೇಲೆ ತೆಗೆದಿಟ್ಟು ಮರ್ತಿದೀಯ" ಎಂದರು. ಸರೋಜಮ್ಮ ಬಿಡಲಿಲ್ಲ. "ಇಳಿದ್ಮೇಲೆ ಅವ್ಳು ಅಡುಗೆಮನೆ ಕಡೆ ಹೋಗೇ ಇಲ್ಲ ಮೇಷ್ಟ್ರೆ. ನಾನ್ ಇಲ್ಲೇ ನಿಂತಿದೀನಲ್ಲ."

"ಹಾಗಾದ್ರೆ ಬೆಲ್ಟ್ ಇಲ್ದೆ ಹತ್ತು, ನೋಡೋಣ" ಎಂದರು ಅಪ್ಪ.

ಹತ್ತಿದೆ. ಚೌಕಟ್ಟು ಬಿಟ್ಟ ಕೂಡಲೇ ಅಪ್ಪನ ಮೈಮೇಲೆ ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಅಪ್ಪ ದೀಪ ಆರಿಸಿ ಕತ್ತಲಲ್ಲಿ ಹತ್ತಿಸಿದರು. ಆಗಲೂ ಬಿದ್ದೆ, ಈ ಸಲ ಸರೋಜಮ್ಮನ ಮೇಲೆ. ಮುಂದಿನ ಉರುಳೆ ಕೂದಲೆಳೆಯಷ್ಟೂ ತಿರುಗುತ್ತಿರಲಿಲ್ಲ. ಕೊನೆಗೆ ಬೆಲ್ಟು ಹಾಕಿ ಹತ್ತಿದೆ. ಏನೂ ಹಿಡಿಯದೆ, ಎದುರಿಗೆ ನೋಡುತ್ತಾ, ಅಮ್ಮ ಊಟಕ್ಕೆ ಕರೆಯುವವರೆಗೂ ತುಳಿದೆ. ಅಪ್ಪ ಹಾಗೇ ನಿಂತು ನೋಡಿದರು. ಅವರು ಕೊನೆಯವರೆಗೂ ನನ್ನ ಮಾತನ್ನು ಒಪ್ಪಲಿಲ್ಲ, ಸುಳ್ಳು ಎಂದೂ ಅನ್ನಲಿಲ್ಲ. ಎಷ್ಟೋ ವರ್ಷಗಳ ನಂತರವೂ ಊಟದ ಮಧ್ಯೆ ಕೈ ನಿಲ್ಲಿಸಿ, "ಆ ಉರುಳೆ ಬೆಚ್ಚಗಿತ್ತು ಅಂದ್ಯಲ್ಲ, ಸರಿಯಾಗಿ ಮುಟ್ಟಿ ನೋಡಿದ್ಯಾ?" ಎಂದು ಕೇಳುತ್ತಿದ್ದರು.

ಮರುದಿನ ನಂಜುಂಡಣ್ಣ ರೋಲರ್ ಒಯ್ಯಲು ಬಂದರು. ಎಲ್ಲವನ್ನೂ ಕೇಳಿ, ಮೊಳೆಯಿಂದ ಬೆಲ್ಟು ತೆಗೆದು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. "ಬೆಲ್ಟ್ ಇಲ್ದೆ ಆಗಲ್ಲ ಕಣಮ್ಮ" ಎಂದರು. ಬೆಲ್ಟನ್ನು ವಾಪಸು ಮೊಳೆಗೆ ಹಾಕಿ, "ಹೋಗ್ಲಿ ಬಿಡು. ಇವತ್ತು ಹಾಕ್ಕೊಂಡು ತುಳಿ" ಎಂದು ಬರಿಗೈಯಲ್ಲಿ ವಾಪಸು ಹೋದರು.

ಆಯ್ಕೆಯ ರೇಸಿನಲ್ಲೂ ಒಂದು ಇಳಿಜಾರಿತ್ತು, ಕೊನೆಗೆ ಎಡಕ್ಕೆ ತಿರುವು, ತಿರುವಿನಲ್ಲಿ ಮರಳು. ನನ್ನ ಮುಂದಿದ್ದ ಮೂವರೂ ಬ್ರೇಕ್ ಹಿಡಿದರು. ನಾನು ಹಿಡಿಯಲಿಲ್ಲ. ಚಕ್ರ ಒಂದಿಷ್ಟು ಜಾರಿತು, ಜಾರಲು ಬಿಟ್ಟೆ, ಅದಾಗಿಯೇ ಸರಿಹೋಯಿತು. ಆಮೇಲೆ ನನ್ನನ್ನು ಯಾರೂ ಮುಟ್ಟಲಿಲ್ಲ. ಗೆರೆ ದಾಟಿದಾಗ ಹಿಂದೆ ತಿರುಗಿ ನೋಡಿದರೆ ರಸ್ತೆ ಖಾಲಿ. ನಂಜುಂಡಣ್ಣ ಓಡಿ ಬಂದು ಶಹಬ್ಬಾಸ್ ಎನ್ನುತ್ತಾರೆ ಅಂದುಕೊಂಡರೆ, ಅವರು "ಎಲ್ಲಿ, ಕೈ ತೋರ್ಸು" ಎಂದರು. ಅಂಗೈ ತೋರಿಸಿದೆ. ಬಿಗಿಹಿಡಿದ ಒಂದು ಕೆಂಪು ಗುರುತೂ ಇರಲಿಲ್ಲ. "ಹ್ಞಾಂ, ಈಗ ಸರಿಹೋಯ್ತು" ಎಂದು ನನ್ನ ಎರಡೂ ಕೈಗಳನ್ನು ತಮ್ಮ ಗ್ರೀಸಿನ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ರಾಜ್ಯ ತಂಡದ ಪಟ್ಟಿಯಲ್ಲಿ ನನ್ನದೇ ಮೊದಲ ಹೆಸರು. ವಠಾರದಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದ್ದು ಸರೋಜಮ್ಮ. ಹಿಟ್ಟಿನ ಗಿರಣಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ವರ್ಷಗಳಾದವು. ಆ ರೋಲರ್ ಈಗ ನನ್ನಲ್ಲೇ ಇದೆ. ನಾಲ್ಕಾರು ಹುಡುಗಿಯರು ಮನೆಗೆ ಬಂದು ಅದರ ಮೇಲೆ ಕಲಿಯುತ್ತಾರೆ. ಅವರಿಗೆ ಬೆಲ್ಟು ಬಿಚ್ಚಿ ಮೊಳೆಗೆ ಹಾಕುವುದನ್ನು ಹೇಳಿಕೊಟ್ಟಿದ್ದೇನೆ, ಈ ಕಥೆಯನ್ನು ಹೇಳಿಲ್ಲ. ಪ್ರತಿ ವರ್ಷ ರಾಮನವಮಿಯ ಸಂಜೆ, ಮನೆಯಲ್ಲಿ ಯಾರೂ ಇಲ್ಲದಾಗ, ದೀಪ ಆರಿಸಿ ಬೆಲ್ಟು ಇಲ್ಲದೆ ಒಂದು ಸಲ ಹತ್ತುತ್ತೇನೆ. ಕೈ ಬಿಡುತ್ತೇನೆ, ಬೀಳುತ್ತೇನೆ. ಈಗ ಬಿದ್ದರೆ ಹೆದರಿಕೆಯಿಲ್ಲ. ನೆಲದ ಮೇಲೆ ಕೂತುಕೊಂಡೇ ಕೈ ಚಾಚಿ ಮುಂದಿನ ಉರುಳೆಯನ್ನು ಮುಟ್ಟಿ ನೋಡುತ್ತೇನೆ. ತಣ್ಣಗಿರುತ್ತದೆ. ಹಾಗಾದರೆ ಅಂದು ಅದನ್ನು ತಿರುಗಿಸಿದ್ದು ಏನು, ನನಗೆ ಇವತ್ತಿಗೂ ಗೊತ್ತಿಲ್ಲ. ಎದ್ದು, ದೀಪ ಹಾಕಿ, ಮೊಳೆಯಿಂದ ಬೆಲ್ಟು ತೆಗೆದು ಹಾಕಿಕೊಂಡು ಮತ್ತೆ ತುಳಿಯುತ್ತೇನೆ.