ನೀರು ತಾಕಬಾರದ ಡಬ್ಬಿ

ಮೇಡಂ ಅವರ ಬೆರಳ ತುದಿಗಳು ಸದಾ ನೆನೆದ ಅವಲಕ್ಕಿಯಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಗಾಜಿನ ಪೆಟ್ಟಿಗೆಗೆ ಜೋಡಿಸಿದ ಉದ್ದನೆಯ ರಬ್ಬರ್ ಕೈಗವಸುಗಳಲ್ಲಿ ತೋಳು ತೂರಿಸಿ, ದಿನಕ್ಕೆ ನಾಲ್ಕೈದು ತಾಸು ಬೆವರುತ್ತ ಕೆಲಸ ಮಾಡುತ್ತಿದ್ದರು. ಪೆಟ್ಟಿಗೆಯೊಳಗೆ ಗಾಳಿಯಿಲ್ಲ, ತೇವವಿಲ್ಲ. ಆರ್ಗಾನ್ ಅನಿಲ ಮತ್ತು ಬೆಳ್ಳಿಯ ತಗಡಿನಂಥ ಲಿಥಿಯಂ.

ಸೇನೆಯ ಉಗ್ರಾಣದಿಂದ ನಿವೃತ್ತನಾದ ಮೇಲೆ ಹಾವೇರಿಯ ಆ ಕಾಲೇಜಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳಲು ಸೇರಿದೆ. ರಾಣೆಬೆನ್ನೂರಿನಿಂದ ಬೆಳಗಿನ ರೈಲು, ಒಂಬತ್ತಕ್ಕೆ ಬೀಗ ತೆರೆಯುವುದು, ಕಸ, ಒರೆಸುವುದು, ದಾಖಲೆ ಪುಸ್ತಕ. ಅಲ್ಲಿ ಬ್ಯಾಟರಿ ಸಂಶೋಧನೆ ಮಾಡುತ್ತಿದ್ದ ಮೇಡಂ ಬ್ಯಾಡಗಿಯವರು, ಮೆಣಸಿನಕಾಯಿ ವ್ಯಾಪಾರಸ್ಥರ ಮಗಳು. "ಕಾಕಾರ, ನಿಮ್ಮನ್ನ ನೋಡಿ ರೈಲ್ವೆದವರು ಗಡಿಯಾರ ತಿದ್ದಿಕೊಂತಾರಂತ" ಎಂದು ಕಾಡುತ್ತಿದ್ದರು.

ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಸಮನಾಗಿ ಕೂಡುವುದಿಲ್ಲ, ಸೂಜಿಗಳಾಗಿ ಬೆಳೆಯುತ್ತದೆ. ಒಂದು ಸೂಜಿ ನಡುವಿನ ತೆಳು ಪರದೆ ಚುಚ್ಚಿ ಆಚೆ ಮುಟ್ಟಿದರೆ ಬೆಂಕಿ. ಸೂಜಿ ಏಳದಂತೆ ಲೋಹಕ್ಕೆ ಲೇಪ ಹಚ್ಚುವುದೇ ಅವರ ಸಂಶೋಧನೆ. ಪರೀಕ್ಷೆ ಮುಗಿದ ಬ್ಯಾಟರಿ ಬಿಲ್ಲೆ ಬಿಚ್ಚಿದಾಗ ಒಳಗೆ ಕಪ್ಪು ಪಾಚಿಯಂಥದು ಕಂಡರೆ "ಇದೂ ಮುಳ್ಳೆದ್ದೈತ್ರಿ" ಎಂದು ಬರೆದಿಟ್ಟು ಮರುದಿನ ಹೊಸ ಲೇಪಕ್ಕೆ ಕೈಹಾಕುತ್ತಿದ್ದರು. ಇದನ್ನು ಕೇಳಿದಂದಿನಿಂದ ನನಗೆ ಆ ಪೆಟ್ಟಿಗೆಯೆಂದರೆ ಹೆದರಿಕೆ. ಕಪಾಟಿನಲ್ಲಿದ್ದ ಡಬ್ಬಿಯೊಂದರ ಬಗ್ಗೆ ಮಾತ್ರ ಹೆದರಿರಲಿಲ್ಲ.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆಯ ಬೆಳಿಗ್ಗೆ. ಪೂಜೆಗೆ ಇಡುವ ಸಾಮಾನು ತೊಳೆಯದೆ ಇಡುವುದು ನಮ್ಮ ಮನೆತನದಲ್ಲಿಲ್ಲ. ಇಕ್ಕಳ, ತಕ್ಕಡಿ, ಬಟ್ಟಲು ಎಲ್ಲ ತೊಳೆದೆ. ಕಪಾಟಿನಲ್ಲಿ ಜಿಡ್ಡುಗಟ್ಟಿದ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮೇಲೆ ಇಂಗ್ಲಿಷಿನಲ್ಲಿ ಏನೋ ಚೀಟಿ, ನನಗೆ ಓದಲು ಬರಲಿಲ್ಲ. ಮುಚ್ಚಳ ತೆಗೆದು ನಳದತ್ತ ಒಯ್ದೆ. ಕೈಯಿಂದ ಒಂದು ಹನಿ ಒಳಗೆ ಬಿತ್ತು. ಚುಂಯ್ ಎಂದು ಹೊಗೆ ಎದ್ದಿತು.

ಬಾಗಿಲಲ್ಲಿ ಮೇಡಂ ನಿಂತಿದ್ದರು. ಕೂಗಲಿಲ್ಲ. "ಕಾಕಾರ, ನಳ ಹಂಗ ಇರ್ಲಿ. ಡಬ್ಬಿ ನನ್ನ ಕೈಗೆ ಕೊಡ್ರಿ. ಲಗೂ ಬ್ಯಾಡ, ಸಾವಕಾಶ." ಕೊಟ್ಟೆ. ಮೂಲೆಯ ಬಕೆಟ್ಟಿನ ಒಣ ಉಸುಕು ಸುರಿದರು. ಅದು ನೀರು ತಾಕಿದರೆ ಹೊತ್ತಿಕೊಳ್ಳುವ ಲಿಥಿಯಂ ಚೂರುಗಳ ಡಬ್ಬಿ. ನಳದ ಕೆಳಗೆ ಹಿಡಿದಿದ್ದರೆ ನನ್ನ ಕೈ, ಮುಖ ಎರಡೂ ಉಳಿಯುತ್ತಿರಲಿಲ್ಲ.

ಕೆಳಗೇ ಕೂತೆ. ನಾಳೆಯಿಂದ ಬರುವುದಿಲ್ಲ, ಅಂಜಿಕೆ ಹೊಕ್ಕಿದೆ ಎಂದೆ.

"ತಪ್ಪು ನಂದು. ಖಂಡೇಪೂಜಿಗೆ ನೀವು ತೊಳೀತೀರಿ ಅಂತ ನನಗ ಹೊಳೀಬೇಕಿತ್ತು, ನಾನೂ ಈ ಸೀಮಿದಾಕಿ. ಅಂಜಿಕಿ ನನಗೂ ದಿನಾ ಬರ್ತೈತಿ. ನಾಳಿ ರಜಾ. ನಾಡದ ಒಂಬತ್ತಕ್ಕ ಬರ್ರಿ."

ಅಂದೇ ಎಲ್ಲ ಡಬ್ಬಿಗಳಿಗೂ ಕೆಂಪು ಶಾಯಿಯಲ್ಲಿ ಕನ್ನಡ ಚೀಟಿ ಅಂಟಿಸಿದರು. ನೀರು ಒಳಗೆ ಸಿಡಿಯಬಾರದೆಂದು ತೆಂಗಿನಕಾಯಿಯನ್ನು ಗೇಟಿನ ಹೊರಗೆ ಒಡೆದೆವು. ಈ ಅವಘಡದ ಬಗ್ಗೆ ಅವರು ಬರೆದ ವರದಿಯಲ್ಲಿ ನನ್ನ ಹೆಸರು ಬರಲಿಲ್ಲ.

ಎರಡು ವರ್ಷದ ಬಳಿಕ ಕಾಯಿಲೆಯೊಂದು ಅವರನ್ನು ತಿಂಗಳೊಳಗೆ ಒಯ್ದಿತು. ಪೆಟ್ಟಿಗೆಯಲ್ಲಿ ಲಿಥಿಯಂ ಉಳಿದಿತ್ತು. ಖಾಲಿ ಮಾಡಲು ಯಾರೂ ಮುಂದೆ ಬರಲಿಲ್ಲ. ಆ ಖಂಡೇಪೂಜೆಯ ನಂತರ ನಾನು ಕೆಲಸಕ್ಕೆ ಮರಳಿದಾಗ ಅವರು ಕಲಿಸಿದ ಕ್ರಮ ನನಗೆ ಬಾಯಿಪಾಠವಿತ್ತು: ಕೈ ಒಣಗಿರಬೇಕು, ಗಾಳಿ ಹೊರಗೆಳೆಯುವ ಗೂಡಿನಲ್ಲಿ, ನೀರಿಲ್ಲದ ಸ್ಪಿರಿಟ್ಟಿಗೆ ಒಂದೊಂದೇ ಸಣ್ಣ ಚೂರು. ಒಂದು ಕರಗಿದ ಮೇಲೆಯೇ ಇನ್ನೊಂದು. ಮೂರು ದಿನ ಹಿಡಿಯಿತು. ಪ್ರತಿ ಚೂರಿಗೂ ಅಂಜಿಕೆ ಬಂತು, ಕೈ ಮತ್ತೊಮ್ಮೆ ಒರೆಸಿಕೊಂಡೆ. ಕೊನೆಯದರ ಗುಳ್ಳೆಗಳು ನಿಲ್ಲುವ ತನಕ ಕದಲದೆ ನಿಂತಿದ್ದೆ. ಅವು ನಿಂತ ಮೇಲೆ ಅಳು ಬಂತು.