ಗೇಟಿನ ಹತ್ತಿರದ ಒಂದು ಮಿನಿಟು

ಮಿನಿಟಿಗೆ ಅರವತ್ತು ಸೆಕೆಂಡು ಎಂದು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ನಂಬುವವರು ಶಾಲೆಯ ಮಕ್ಕಳು ಮಾತ್ರ. ಅವರಿಗೆ ಗಣಿತ ಕಲಿಸುವ ನಾನೇ ಅದನ್ನು ನಂಬುವುದಿಲ್ಲ. ಫೋನಿನಲ್ಲಿ ಯಾರಾದರೂ ಐದು ಮಿನಿಟಿನಲ್ಲಿ ಬಂದೆ ಎಂದರೆ ಅವರಿನ್ನೂ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ ಎಂದು ತಿಳಿದುಕೊಳ್ಳಬೇಕು. ಎರಡು ಮಿನಿಟು ಕೂತು ಹೋಗಿ ಎಂದರೆ ಚಹಾ ಬರುತ್ತದೆ, ಅದರ ಬೆನ್ನಿಗೆ ಚುರುಮುರಿ, ಆಮೇಲೆ ಹೇಗೂ ಊಟದ ಹೊತ್ತು. ನನ್ನ ಗಂಡನಂತೂ ಈ ಲೆಕ್ಕದಲ್ಲಿ ಪಂಡಿತ. ಒಂದು ಮಿನಿಟು ಎಂದು ಪೇಪರು ಹಿಡಿದು ಕೂತರೆ ಒಲೆಯ ಮೇಲಿನ ಹಾಲು ಉಕ್ಕಿ, ಆರಿ, ಹೆಪ್ಪುಗಟ್ಟಿದರೂ ಏಳುವ ಪೈಕಿ ಅಲ್ಲ.

ಇದರ ಬಗ್ಗೆ ನನ್ನದೇನೂ ತಕರಾರಿರಲಿಲ್ಲ. ಬಾಡಿಗೆ ಮನೆ ಹುಡುಕಲು ಹೊರಟ ಮೇಲೆ ಮಾತ್ರ ಆ ಶಬ್ದ ಕೇಳಿದರೆ ಮೈ ಉರಿಯತೊಡಗಿತು.

ಆಗ ನಾವು ಗೋಕುಲ ರಸ್ತೆಯಲ್ಲಿದ್ದೆವು, ನಾನು, ಗಂಡ ಮತ್ತು ನಮ್ಮವ್ವ. ನನಗೆ ಧಾರವಾಡದ ಶಾಲೆಗೆ ವರ್ಗವಾಯಿತು, ಗಂಡನ ಆಫೀಸು ಮೊದಲೇ ಅಲ್ಲಿತ್ತು. ಶಾಲೆ ಶುರುವಾಗುವುದರೊಳಗೆ ಅಲ್ಲೊಂದು ಮನೆ ಬೇಕಿತ್ತು. ಪ್ರತಿ ಭಾನುವಾರ ಸ್ಕೂಟರ್ ಹತ್ತಿ ಹೊರಡುತ್ತಿದ್ದೆವು. ಹೋದಲ್ಲೆಲ್ಲ ಉಪಚಾರಕ್ಕೆ ಕೊರತೆಯಿಲ್ಲ. ಕೂರಿಸುತ್ತಿದ್ದರು, ಚಹಾ ಕೊಡುತ್ತಿದ್ದರು, ಬಿಸಿಲು, ಮಾವಿನಕಾಯಿ, ಮೊಮ್ಮಕ್ಕಳ ಮಾರ್ಕ್ಸು ಎಲ್ಲ ಮಾತಿಗೆ ಬರುತ್ತಿದ್ದವು. ಬಂದ ವಿಷಯ ಮಾತ್ರ ಬರುತ್ತಿರಲಿಲ್ಲ. ಮುಖ್ಯ ಮಾತನ್ನು ಕೂತಲ್ಲೇ ಎತ್ತುವುದು ನಮ್ಮ ಕಡೆ ಒರಟುತನ. ಎದ್ದು, ಚಪ್ಪಲಿ ಮೆಟ್ಟಿ, ಹೋಗಿ ಬರುತ್ತೇವೆ ಎಂದು ಹೇಳಿ, ಗೇಟಿನ ಮೇಲೆ ಕೈಯಿಟ್ಟಾಗಲೇ ಅದು ಬಾಯಿಗೆ ಬರಬೇಕು. ಇಲ್ಲಿ ಎಷ್ಟೋ ಮದುವೆಗಳು ಗೇಟಿನಲ್ಲೇ ಕುದುರಿವೆ, ಗೇಟಿನಲ್ಲೇ ಮುರಿದಿವೆ.

ನಮ್ಮ ವಿಷಯವೂ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಅಂದಹಾಗೆ ನೀವು ಯಾವ ಪೈಕಿ ಎಂದು ಕೇಳುತ್ತಿದ್ದರು. ಬೌದ್ಧರು ಎನ್ನುತ್ತಿದ್ದೆವು. ಅವರಿಗೆ ಎಷ್ಟು ಅರ್ಥವಾಗಬೇಕೋ ಅಷ್ಟು ಅರ್ಥವಾಗುತ್ತಿತ್ತು. ಒಂದು ಮಿನಿಟು ನಿಲ್ಲಿ ಎಂದು ಒಳಗೆ ಹೋಗುತ್ತಿದ್ದರು. ಹೊರಗೆ ಬರುವಷ್ಟರಲ್ಲಿ ಒಬ್ಬರ ತಮ್ಮನಿಗೆ ಮದುವೆ ನಿಶ್ಚಯವಾಗಿ ಆ ಮನೆ ಅವನಿಗೇ ಬೇಕಾಗಿರುತ್ತಿತ್ತು, ಇನ್ನೊಬ್ಬರಿಗೆ ಮನೆ ಮಾರುವ ವಿಚಾರ ಹೊಳೆದಿರುತ್ತಿತ್ತು. ಅಷ್ಟು ಚಿಕ್ಕ ಹೊತ್ತಿನಲ್ಲಿ ಒಂದು ಮನೆತನದಲ್ಲಿ ಏನೆಲ್ಲ ಆಗಿಹೋಗುತ್ತದೆ ಎಂದು ನಾನು ಬೆರಗಾಗುತ್ತಿದ್ದೆ. ಚಹಾ ಮಾತ್ರ ಎಲ್ಲರ ಮನೆಯದೂ ಛಲೋ ಇತ್ತು.

ಗಂಡ ಸ್ಕೂಟರ್ ಚಾಲೂ ಮಾಡುತ್ತ ಹೋಗಲಿ ಬಿಡು ಎನ್ನುತ್ತಿದ್ದ. ನನಗೆ ಹೋಗಲಿ ಬಿಡುವ ವಿದ್ಯೆ ಬರುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುಂದಿನ ಮನೆಯಲ್ಲಿ ಗೇಟಿನ ತನಕ ಕಾಯುವುದೇ ಇಲ್ಲ ಎಂದು ನಿಶ್ಚಯಿಸಿದೆ.

ಆ ಮನೆ ಮಾಳಮಡ್ಡಿಯಲ್ಲಿತ್ತು. ಕೆಳಗೆ ಪೋಸ್ಟಾಫೀಸಿನಿಂದ ನಿವೃತ್ತರಾದ ಹಿರಿಯ ಹೆಂಗಸು ಮತ್ತು ಅವರ ತಂಗಿ. ಮೇಲಿನದು ಬಾಡಿಗೆಗೆ. ಎರಡು ಕೋಣೆ, ಅಡುಗೆಮನೆ, ಗಾಳಿ ಆಡುವ ಕಿಟಕಿ, ಕಿಟಕಿಯಾಚೆ ಬೇವಿನ ಮರ. ನೋಡಿದ ಕೂಡಲೇ ಅವ್ವನ ಹಾಸಿಗೆ ಎಲ್ಲಿ ಹಾಕುವುದೆಂದು ಮನಸ್ಸಿನಲ್ಲೇ ಜಾಗ ಹಿಡಿದಿಟ್ಟೆ. ಇಷ್ಟವಾದದ್ದಕ್ಕೇ ಹೆದರಿಕೆಯೂ ಜಾಸ್ತಿಯಾಯಿತು. ಕೆಳಗೆ ಬಂದು ಚಹಾದ ಬಟ್ಟಲು ಕೈಗೆ ಬರುತ್ತಲೇ ಹೇಳಿಬಿಟ್ಟೆ.

"ಅಮ್ಮಾರ, ಮೊದಲ ಹೇಳಿಬಿಡತೇನ್ರಿ. ನಾವು ಬೌದ್ಧರು ಅದೇವ್ರಿ. ನಿಮಗ ಅಡಚಣಿ ಇದ್ರ ಈಗ ಹೇಳ್ರಿ."

ಗಂಡನಿಗೆ ಚಹಾ ನೆತ್ತಿಗೇರಿತು. ಆಕೆ ಹೌದೇನು ಎಂದರು, ಅಷ್ಟೆ. ಆಮೇಲೆ ಉಪ್ಪಿನಕಾಯಿಗೆ ಈ ವರ್ಷ ಒಳ್ಳೆಯ ಕಾಯಿ ಸಿಗಲಿಲ್ಲ ಎಂದು ಶುರು ಮಾಡಿದರು. ನಾನು ಪದ್ಧತಿ ಮುರಿದಿದ್ದೆ, ಆಕೆ ಮುರಿಯಲು ಸಿದ್ಧರಿರಲಿಲ್ಲ. ಉತ್ತರಕ್ಕೆ ಗೇಟಿನ ತನಕ ಹೋಗಲೇಬೇಕಾಯಿತು.

ಗೇಟಿಗೆ ಬಂದೆವು. ಆಕೆ ಅದರ ಮೇಲೆ ಕೈಯಿಟ್ಟರು, ಬಾಯಿ ತೆರೆದರು, ಮುಚ್ಚಿದರು. ಒಂದು ಮಿನಿಟು ನಿಲ್ಲಿ ಎಂದು ಸೆರಗು ಸರಿಪಡಿಸಿಕೊಂಡು ಒಳಗೆ ನಡೆದೇಬಿಟ್ಟರು. ಒಳಗಿನಿಂದ ಅಕ್ಕತಂಗಿಯರ ಪಿಸುಮಾತು ಕೇಳತೊಡಗಿತು. ನನ್ನ ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನ ನೀರು. ನಡಿ ಹೋಗೋಣ ಎಂದು ಗಂಡನ ಬೆನ್ನಿಗೆ ತಿವಿದೆ. ಸ್ಕೂಟರ್ ಹೊರಡುವಷ್ಟರಲ್ಲಿ ಆಕೆ ಬರಿಗಾಲಲ್ಲಿ ಅಂಗಳಕ್ಕೆ ಓಡಿಬಂದರು.

"ಅಕ್ಕೋರ, ನಿಂದರ್ರಿ. ನೀವು ಕೂತಲ್ಲೇ ಖರೇ ಹೇಳಿಬಿಟ್ರಿ, ನಾ ಹೇಳಲಿಲ್ಲ. ಮ್ಯಾಲಿನ ಮನಿಗೆ ನೀರು ಏರೂದಿಲ್ಲ. ಹಿಂದಿನವರು ಅದಕ್ಕ ಬಿಟ್ಟು ಹೋದರು. ಹೇಳಿದ್ರ ನೀವೂ ಹೋಗ್ತೀರಿ ಅಂತ ಸುಮ್ಮನಿದ್ದೆ. ಈಗ ತಂಗಿ ಬೈದು ಕಳಿಸಿದಳು."

ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಆಕೆ ಮುಂದುವರಿಸಿದರು.

"ಹಿತ್ತಲದಾಗ ನಮ್ಮ ನೀರಿನ ಟಾಕಿ ಅದ. ಅದರಾಗ ನಿಮ್ಮ ಕೊಡಾ ಮುಳುಗಿಸಿ ನೀವ ತುಂಬಿಕೊಂಡು ಹೋಗಬೇಕಾಗ್ತದ. ಬರ್ತೀರೋ ಇಲ್ಲೋ?"

ಆಕೆಯ ಮುಖ ನೋಡಿದೆ. ಎಷ್ಟೋ ಗೇಟುಗಳಲ್ಲಿ ನಾವು ನಿಂತಿದ್ದೆವಲ್ಲ, ಇಲ್ಲ ಎಂದಾರೇನೋ ಎನ್ನುತ್ತ, ಹಾಗೆಯೇ ಆಕೆಯೂ ನಿಂತಿದ್ದರು. ಗಂಡ ದಿನಕ್ಕೆ ಎಷ್ಟು ಕೊಡ ಹೊರಬೇಕಾದೀತು ಎಂಬ ಚಿಂತೆಯಲ್ಲಿ ಮೆಟ್ಟಿಲುಗಳನ್ನೇ ನೋಡುತ್ತಿದ್ದ. ಬರುತ್ತೇವೆ ಎಂದೆ. ನಗು ಬಂದುಬಿಟ್ಟಿತು, ಆಕೆಯೂ ನಕ್ಕರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಸಣ್ಣವಳಿದ್ದಾಗ ಅವಳು ತನ್ನೂರಿನ ಬಾವಿಯಿಂದ ದೂರ ಕೊಡ ಇಟ್ಟು, ಮೇಲುಜಾತಿಯವರು ಯಾರಾದರೂ ಬಂದು ಮೇಲಿನಿಂದ ನೀರು ಸುರಿಯಲಿ ಎಂದು ಕಾದು ನಿಲ್ಲುತ್ತಿದ್ದವಳು. ಬಾಡಿಗೆ ಎಷ್ಟು, ಕೋಣೆ ಎಷ್ಟು ಎಂದು ಏನೂ ಕೇಳಲಿಲ್ಲ.

"ನಾವ ಕೊಡಾ ಮುಳಗಸೂದೇನು? ಅವರ ಟಾಕ್ಯಾಗ?"

ಹೌದು ಎಂದೆ.

ಮನೆ ಬದಲಿಸಿದ ದಿನ ಸಾಮಾನಿನ ಗಾಡಿ ನಿಲ್ಲುತ್ತಲೇ ಅವ್ವ ಕಾಣೆಯಾದಳು. ಹುಡುಕಿಕೊಂಡು ಹಿತ್ತಲಿಗೆ ಹೋದೆ. ಎಪ್ಪತ್ತು ದಾಟಿದ ನಮ್ಮವ್ವ ಖಾಲಿ ಕೊಡವನ್ನು ಪಕ್ಕದಲ್ಲಿಟ್ಟು, ಟಾಕಿಯ ನೀರಿನಲ್ಲಿ ಮೊಣಕೈ ತನಕ ಕೈ ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.